ಯಾರ ಪಗಾರ?

ಚೀಟಿ ಎತ್ತುವ ಪ್ರಸಂಗಗಳಲ್ಲಿ ನನ್ನ ಕೈ ನನಗೆ ಎಂದೂ ಉಪಕಾರ ಮಾಡಿದ್ದಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಅಂಗಳ ಗುಡಿಸುವ ಸರದಿ, ಹೈಸ್ಕೂಲಿನಲ್ಲಿ ಸಾಹೇಬರು ಬಂದ ದಿನ ಸ್ವಾಗತ ಭಾಷಣ ಮಾಡುವ ಸರದಿ, ಎಲ್ಲವೂ ಮಡಿಸಿದ ಚೀಟಿಯ ರೂಪದಲ್ಲಿ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದವು. ಎರಡನೆಯ ವರ್ಷದ ಬಿ.ಎ. ತರಗತಿಯಲ್ಲಿದ್ದಾಗ, 2024ರ ಸೆಪ್ಟೆಂಬರ್ ತಿಂಗಳಲ್ಲಿ, ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟವರೆಲ್ಲ ಅರ್ಥಶಾಸ್ತ್ರದ ಗುರುಗಳ ಮೇಜಿನ ಸುತ್ತ ನೆರೆದಾಗಲೂ ಹಾಗೆಯೇ ಆಯಿತು. ವಿಷಯ ಹೀಗಿದ್ದಿತು: "ಶಾಲಾ ಶಿಕ್ಷಣ ಇಲಾಖೆಯ ಅಧಿಕಾರಿಗಳ ವೇತನ ಹೆಚ್ಚಳವು ಸಮರ್ಥನೀಯವಾಗಿದೆ." ನಾನೆತ್ತಿದ ಚೀಟಿಯಲ್ಲಿ 'ಪರ' ಎಂದಿದ್ದಿತು. ನನ್ನ ಬೆಂಚಿನ ಮಿತ್ರನಿಗೆ 'ವಿರೋಧ' ಬಂದಿತು. ಅವನ ತಂದೆ ಹಿರೇಕೆರೂರು ಕಡೆಯ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರು. ಹೊಸ ವೇತನ ಆಗಲೇ ಅವರ ಮನೆಗೆ ಬರತೊಡಗಿತ್ತು, ಆ ಹಣದ ಭರವಸೆಯ ಮೇಲೆ ಒಂದು ಹೊಸ ಮೋಟಾರು ಸೈಕಲ್ಲೂ ಬಂದು ನಿಂತಿತ್ತು. ಅದನ್ನು ಏರಿ ಬಂದ ಅವನು ಹೆಚ್ಚಳವನ್ನು ವಿರೋಧಿಸಬೇಕು. ಬ್ಯಾಡಗಿಯಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದ ನಾನು ಅದನ್ನು ಸಮರ್ಥಿಸಬೇಕು!

"ಸರ್, ನಾವಿಬ್ಬರೂ ಅದಲುಬದಲು ಮಾಡಿಕೊಳ್ಳುತ್ತೇವೆ" ಎಂದು ಅವನೇ ಕೇಳಿದ. ಗುರುಗಳು ಒಪ್ಪಲಿಲ್ಲ. "ತನಗೆ ಒಪ್ಪಿಗೆಯಾದದ್ದನ್ನು ಹೇಳಲು ಊರ ಕಟ್ಟೆ ಇದೆಯಪ್ಪಾ. ಒಪ್ಪಿಗೆಯಿಲ್ಲದ ಪಕ್ಷವನ್ನೂ ವಹಿಸಿ ಮಾತನಾಡಲು ಕಲಿಯಲೆಂದೇ ಕಾಲೇಜು ಇರುವುದು" ಎಂದರು.

ಊರ ಕಟ್ಟೆಯ ಮೇಲೆ ಆ ದಿನಗಳಲ್ಲಿ ನಿಜಕ್ಕೂ ಇದೇ ಮಾತು ನಡೆದಿತ್ತು. ಓದುಗರ ನೆನಪಿಗಾಗಿ ಹಿನ್ನೆಲೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುವೆನು. ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯದ ಏಳನೆಯ ವೇತನ ಆಯೋಗ 2022ರ ನವೆಂಬರಿನಲ್ಲಿ ನೇಮಕವಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ನಮ್ಮ ಜಿಲ್ಲೆಯ ಶಿಗ್ಗಾವಿಯಿಂದ ಆರಿಸಿಹೋದ ಬಸವರಾಜ ಬೊಮ್ಮಾಯಿಯವರು. ವರದಿಗಾಗಿ ಕಾದು ಬೇಸತ್ತ ನೌಕರರು 2023ರ ಮಾರ್ಚ್ 1ರಂದು ಮುಷ್ಕರ ಹೂಡಿದರು. ಅದೇ ದಿನ ಸರ್ಕಾರ ಮೂಲವೇತನದ ಶೇ. 17ರಷ್ಟು ಮಧ್ಯಂತರ ಪರಿಹಾರ ಘೋಷಿಸಿತು, ಮುಷ್ಕರವೂ ಅಂದೇ ಮುಗಿಯಿತು. ಮುಂದೆ ಸರ್ಕಾರ ಬದಲಾಯಿತು, 2024ರ ಮಾರ್ಚಿನಲ್ಲಿ ವರದಿ ಬಂದಿತು, ಜುಲೈ ತಿಂಗಳಲ್ಲಿ ಸಿದ್ದರಾಮಯ್ಯನವರ ಸಂಪುಟ ಅದನ್ನು ಒಪ್ಪಿಕೊಂಡಿತು. 2022ರ ಜುಲೈ 1ರಂದು ಇದ್ದ ಮೂಲವೇತನಕ್ಕೆ ಶೇ. 31ರ ತುಟ್ಟಿಭತ್ಯೆಯನ್ನೂ ಶೇ. 27.5ರ ಹೆಚ್ಚಳವನ್ನೂ ಕೂಡಿಸಿ ಹೊಸ ವೇತನವೆಂದು ಗೊತ್ತುಮಾಡಿ, 2024ರ ಆಗಸ್ಟ್ 1ರಿಂದ ಹಣ ಕೊಡತೊಡಗಿದರು. ಕನಿಷ್ಠ ಮೂಲವೇತನ 17,000 ಇದ್ದದ್ದು 27,000 ರೂಪಾಯಿ ಆಯಿತು. ಗರಿಷ್ಠ 1,50,600 ಇದ್ದದ್ದು 2,41,200 ಆಯಿತು. ಬೊಕ್ಕಸಕ್ಕೆ ವರ್ಷಕ್ಕೆ 20,208 ಕೋಟಿ ರೂಪಾಯಿಗಳ ಹೆಚ್ಚಿನ ಹೊರೆ ಎಂದು ಸರ್ಕಾರವೇ ಹೇಳಿತು.

ನಮ್ಮ ಬಸ್ಸಿನಲ್ಲಿ ಇದರ ಮೇಲೆ ಪ್ರತಿದಿನ ಒಂದು ವಿಧಾನಸಭೆ ನೆರೆಯುತ್ತಿತ್ತು. ಅದೇ ವರ್ಷದ ಮಾರ್ಚ್ 11ರಂದು, ಸೋಮವಾರದ ಪೇಟೆಯ ದಿನ, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಧಾರಣೆ ಕುಸಿದು, ರೈತರು ಸಿಟ್ಟಿಗೆದ್ದು, ಮಾರುಕಟ್ಟೆ ಸಮಿತಿಯ ಆವರಣದಲ್ಲಿ ವಾಹನಗಳು ಹೊತ್ತಿ ಉರಿದದ್ದನ್ನು ನಾವು ಕಣ್ಣಾರೆ ಕಂಡಿದ್ದೆವು. ಅಲ್ಲಿ ಹಮಾಲಿ ಮಾಡುವ ನನ್ನ ಅಪ್ಪ ಅಂದು ರಾತ್ರಿ ಊಟ ಮಾಡದೆ ಮಲಗಿದ್ದ. "ಮೆಣಸಿನಕಾಯಿಗೆ ಯಾವಾಗ ಆಯೋಗ ಕೂಡಸ್ತಾರಂತ?" ಎಂದು ಬಸ್ಸಿನಲ್ಲಿ ಒಬ್ಬ ಮುದುಕ ಕೇಳಿದ. ಸರ್ಕಾರಿ ನೌಕರರಾರೂ ಆ ದಿಕ್ಕಿಗೆ ಮುಖ ತಿರುಗಿಸಲಿಲ್ಲ. ಅವರೇನು ಮಾಡಿಯಾರು, ಪಾಪ! ಶಿಕ್ಷಕರ ಮೇಲೆ ಜನರ ಸಿಟ್ಟು ಅಷ್ಟಿರಲಿಲ್ಲ. ಪ್ರತಿಯೊಬ್ಬರ ಬಳಗದಲ್ಲಿಯೂ ಒಬ್ಬ ಮಾಸ್ತರರು ಇದ್ದೇ ಇರುತ್ತಾರೆ. ಆದರೆ ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಜಿಲ್ಲೆಯ ಉಪನಿರ್ದೇಶಕರು, ಅವರ ಮೇಲಿನವರು ಪಾಠ ಹೇಳುವುದಿಲ್ಲವಾದ್ದರಿಂದ, "ಅವರಿಗ್ಯಾಕ?" ಎಂಬ ಪ್ರಶ್ನೆ ಸುಲಭವಾಗಿ ಹುಟ್ಟುತ್ತಿತ್ತು. ನಮ್ಮ ಗುರುಗಳು ವಿಷಯವನ್ನು ಬಸ್ಸಿನಿಂದಲೇ ಎತ್ತಿಕೊಂಡಿದ್ದರೆಂದು ಕಾಣುತ್ತದೆ. ಅವರೂ ನಮ್ಮೊಡನೆ ನಿಂತುಕೊಂಡೇ ಬರುತ್ತಿದ್ದರು.

ಇಲ್ಲಿಗೆ ನನ್ನ ಗುಟ್ಟೊಂದನ್ನು ಹೇಳಬೇಕು. ಅದನ್ನು ಹೇಳದಿದ್ದರೆ ಈ ಲೇಖನಕ್ಕೆ ಅರ್ಥವೇ ಇಲ್ಲ.

ನನ್ನ ಅವ್ವ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಅಡುಗೆಯ ಕೆಲಸ ಮಾಡುತ್ತಾಳೆ. ನಾನು ಮೂರು ವರ್ಷದವನಿದ್ದಾಗ ಆ ಕೆಲಸಕ್ಕೆ ಸೇರಿದಳು. ಒಂದನೆಯ ಇಯತ್ತೆಯಿಂದ ಏಳನೆಯದರವರೆಗೆ ನಾನು ಮಧ್ಯಾಹ್ನ ಉಂಡದ್ದೆಲ್ಲ ಅವಳ ಕೈಯಡುಗೆಯೇ. ಆ ಏಳು ವರ್ಷ ನಾನು ಶಾಲೆಯ ಶ್ರೀಮಂತ. ಸಾರಿನೊಳಗಿನ ಬದನೆಕಾಯಿ ಹೋಳು ನನ್ನ ತಾಟಿಗೆ ತಪ್ಪದೆ ಬೀಳುತ್ತಿತ್ತು. ಹೈಸ್ಕೂಲಿಗೆ ಹೋದ ಮೇಲೆ ಆ ಶ್ರೀಮಂತಿಕೆ ಹೇಗೋ ಕರಗಿತು. ಹಾವೇರಿಯ ಕಾಲೇಜಿಗೆ ಬಂದು ಪ್ರವೇಶದ ಫಾರ್ಮು ತುಂಬುವಾಗ 'ತಾಯಿಯ ಉದ್ಯೋಗ' ಎಂಬಲ್ಲಿ 'ಸರ್ಕಾರಿ ಶಾಲೆಯಲ್ಲಿ ಕೆಲಸ' ಎಂದು ಬರೆದೆ. ಇದರಲ್ಲಿ ಸುಳ್ಳೇನಿದೆ? ಅಕ್ಷರಶಃ ನಿಜ. ಪಕ್ಕದಲ್ಲಿ ನಿಂತು ಓದಿದವನೊಬ್ಬ "ಓಹೋ, ನಿಮ್ಮ ತಾಯಿಯವರು ಟೀಚರೇನು?" ಎಂದ. ನಾನು ಪೆನ್ನಿನ ಟೋಪಿಯನ್ನು ಹುಡುಕುವುದರಲ್ಲಿ ಮಗ್ನನಾದೆ. ಅಲ್ಲಿಂದ ಮುಂದೆ ಎರಡು ವರ್ಷ ಕಾಲೇಜಿನಲ್ಲಿ ನಾನು ಅಕ್ಕೋರ ಮಗ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹತ್ತಿದ ಮೊದಲ ದಿನವೇ ಮಾಡಿದ ಘನಕಾರ್ಯ ಇದು.

ಪಗಾರ ಎಂಬ ಮಾತು ನಮ್ಮ ಮನೆಯಲ್ಲಿ ಬಳಕೆಯಲ್ಲಿದೆ. "ಪಗಾರ ಆತೇನು?" ಎಂದು ಅಪ್ಪ ಕೇಳುತ್ತಾನೆ, "ಇನ್ನೂ ಆಗಿಲ್ಲ" ಎಂದು ಅವ್ವ ಹೇಳುತ್ತಾಳೆ. ಸರ್ಕಾರದ ಕಾಗದದಲ್ಲಿ ಮಾತ್ರ ಅವಳಿಗೆ ಪಗಾರವಿಲ್ಲ, ಸಂಬಳವಿಲ್ಲ, ವೇತನವೂ ಇಲ್ಲ; ಇರುವುದು ಗೌರವಧನ. ಆಗ ಮುಖ್ಯ ಅಡುಗೆಯವರಿಗೆ ತಿಂಗಳಿಗೆ 3,700, ಸಹಾಯಕರಿಗೆ 3,600 ರೂಪಾಯಿ. ಅವ್ವ ಸಹಾಯಕಿ. ಇದರಲ್ಲಿ ಕೇಂದ್ರವೂ ರಾಜ್ಯವೂ ಕೂಡಿ ಕೊಡಬೇಕಾದದ್ದೆಂದು ಕೇಂದ್ರ ಸರ್ಕಾರ 2009ರಲ್ಲಿ ಗೊತ್ತುಮಾಡಿದ ಮೊತ್ತ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. ಮಿಕ್ಕದ್ದು ರಾಜ್ಯ ತಾನಾಗಿ ಕೊಡುವಂಥದು. ಬೇಸಗೆಯ ಸೂಟಿಯಲ್ಲಿ ಅವ್ವ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾಳೆ. ಅದಕ್ಕೆ ಗೌರವವಿಲ್ಲ, ಕಿಲೋ ಲೆಕ್ಕದಲ್ಲಿ ಕೂಲಿ. ಸಂಜೆ ಮನೆಗೆ ಬಂದು ಅರ್ಧ ತಾಸು ಕೈಗಳನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂಡುತ್ತಾಳೆ.

ಇಂಥ ಮನೆಯವನು ನಾನು ಸಾಹೇಬರ ಪಗಾರದ ಪರವಾಗಿ ವಾದಿಸಲು ಸಾಮಗ್ರಿ ಹುಡುಕುತ್ತ ಒಂದು ಭಾನುವಾರ ರಾಣೇಬೆನ್ನೂರಿಗೆ ಹೊರಟೆ. ಅಲ್ಲಿ ನಮ್ಮ ದೊಡ್ಡಪ್ಪನ ಮಗಳು ಇರುತ್ತಾಳೆ. ಅವಳೂ ಶಾಲೆಯವಳೇ, ಅತಿಥಿ ಶಿಕ್ಷಕಿ. ಆಗ ಅವಳಿಗೆ ತಿಂಗಳಿಗೆ 10,000 ರೂಪಾಯಿ ಗೌರವಧನ. ರೊಟ್ಟಿ ಬಡಿಯುತ್ತ ನನ್ನ ವಿಷಯ ಕೇಳಿ ನಕ್ಕಳು. "ಅತಿಥಿ ಅಂತ ಹೆಸರಿಟ್ಟಾರಲ್ಲೋ, ಅತಿಥಿಗೆ ಬೀಗರ ಮನ್ಯಾಗ ಸತತ ಒಂಬತ್ತು ತಿಂಗಳ ಕೆಲಸಾ ಹಚ್ಚೂದನ್ನ ಎಲ್ಲೆರ ಕಂಡೀಯೇನು?" ಎಂದಳು. ನನಗೆ ನಮ್ಮ ಮೊದಲ ಸೆಮಿಸ್ಟರು ನೆನಪಾಯಿತು. 2023ರ ನವೆಂಬರ್ ಕೊನೆಯಿಂದ ರಾಜ್ಯದ ಅತಿಥಿ ಉಪನ್ಯಾಸಕರು ತರಗತಿಗಳನ್ನು ಬಹಿಷ್ಕರಿಸಿದ್ದು, ಹೊಸ ವರ್ಷದ ಮೊದಲ ದಿನಗಳಲ್ಲಿ ತುಮಕೂರಿನಿಂದ ಬೆಂಗಳೂರಿಗೆ ನಡೆದು ಹೋದದ್ದು, ಕೊನೆಗೆ ಸೇವೆಯ ವರ್ಷಗಳಿಗೆ ತಕ್ಕಂತೆ 5,000ದಿಂದ 8,000 ರೂಪಾಯಿವರೆಗೆ ಗೌರವಧನ ಹೆಚ್ಚಿದ್ದು ಎಲ್ಲ ನೆನಪಾದವು. ಕಾಲೇಜಿಗೆ ಬಂದ ಹೊಸದರಲ್ಲಿಯೇ ಖಾಲಿ ಕೋಣೆಗಳನ್ನು ಕಂಡ ನಮಗೆ ಆಗ ಇದ್ದ ಚಿಂತೆ ಒಂದೇ: ಪರೀಕ್ಷೆ ಮುಂದಕ್ಕೆ ಹೋದೀತೇ?

ಊಟ ಮುಗಿಸಿ ಮೇಡ್ಲೇರಿ ರಸ್ತೆಯ ಕಡೆಗಿನ ಒಂದು ಮನೆಗೆ ಹೋದೆ. ಅಲ್ಲಿ ಒಬ್ಬ ನಿವೃತ್ತ ಕ್ಷೇತ್ರ ಶಿಕ್ಷಣಾಧಿಕಾರಿಗಳಿದ್ದಾರೆ. ಅವರ ಹೆಸರನ್ನು ಬರೆಯುವುದು ಅವರಿಗೆ ಇಷ್ಟವಾಗಲಿಕ್ಕಿಲ್ಲ. ಹಳ್ಳಿಯ ಏಕೋಪಾಧ್ಯಾಯ ಶಾಲೆಯಿಂದ ಆರಂಭಿಸಿ ಪರೀಕ್ಷೆ ಬರೆಯುತ್ತ ಬರೆಯುತ್ತ ಮೇಲೆ ಬಂದವರು. ವರಾಂಡದಲ್ಲಿ ಕುರ್ಚಿ ಕೊಟ್ಟು, "ಮನ್ಯಾಗ ಯಾರ ಏನ ಮಾಡ್ತಾರಪಾ?" ಎಂದು ಕೇಳಿದರು.

"ಅಪ್ಪ ಬ್ಯಾಡಗಿ ಪೇಟ್ಯಾಗ ಅದಾನ್ರಿ, ಅವ್ವ ಸಾಲ್ಯಾಗ ಅದಾಳ್ರಿ."

"ಅಕ್ಕೋರೇನು? ಛಲೋ ಆತು. ಹಂಗಂದ್ರ ನಿನಗ ಇಲಾಖೆ ಗೊತ್ತೈತಿ" ಎಂದು ಒಳಗೆ ಕೂಗಿ ಚಹ ತರಿಸಿದರು. ಚಹದ ಜೊತೆಗೆ ಚೂಡಾ ಕೂಡ ಬಂದಿತು. ನನಗೆ ಗಂಟಲಿಗೆ ಸಿಕ್ಕಿದ್ದು ಚೂಡಾದೊಳಗಿನ ಮೆಣಸಿನಕಾಯಿ ಎಂದೇ ಅವರು ತಿಳಿದರು.

ಅವರು ಎರಡು ತಾಸು ಮಾತನಾಡಿದರು. ಅಲ್ಲಿಯವರೆಗೆ ಅಧಿಕಾರಿಯೆಂದರೆ ಜೀಪು, ಹಾರ ಮತ್ತು ಸ್ವಾಗತ ಭಾಷಣ ಎಂದು ತಿಳಿದಿದ್ದೆ. ತಾಲೂಕಿನ ಅಷ್ಟೂ ಶಾಲೆಗಳ ಶಿಕ್ಷಕರ ಪಗಾರದ ಬಿಲ್ಲು, ವರ್ಗಾವಣೆ, ಖಾಲಿ ಹುದ್ದೆ, ಪಠ್ಯಪುಸ್ತಕ, ಸಮವಸ್ತ್ರ, ಸೋರುವ ಮಾಳಿಗೆ, ಹತ್ತನೆಯ ತರಗತಿಯ ಫಲಿತಾಂಶ ಇಳಿದರೆ ಮೇಲಿನಿಂದ ಬರುವ ನೋಟೀಸು, ನ್ಯಾಯಾಲಯದ ಕೇಸು ಇವುಗಳೆಲ್ಲ ಒಂದೇ ಮೇಜಿಗೆ ಬರುತ್ತವೆ ಎಂದರು. "ಸಹಿ ಅನ್ನೂದು ಸಣ್ಣ ಕೆಲಸ ಅಲ್ಲಪಾ. ಮಾಳಗಿ ಬಿದ್ದರ ಎಂಜಿನೀಯರು ಎಲ್ಲೋ, ಗುತ್ತಿಗೆದಾರ ಎಲ್ಲೋ, ಸಹಿ ಹಾಕಿದಾವ ಮಾತ್ರ ಅಲ್ಲೇ ಕುರ್ಚಿ ಮ್ಯಾಲೆ ಇರತಾನ" ಎಂದರು. ಮುಂದೆ ಹೇಳಿದ್ದು ಎಲ್ಲರೂ ಹೇಳುವಂಥದು: ಅಧಿಕಾರಿಗೆ ಪಗಾರ ಕಡಿಮೆ ಕೊಟ್ಟರೆ ಅವನು ಬೇರೆ ಕಡೆಯಿಂದ ತೆಗೆದುಕೊಳ್ಳುವುದನ್ನು ಕಲಿಯುತ್ತಾನೆ. "ಹೆಚ್ಚು ಕೊಟ್ಟರೆ ಕಲಿಯುವುದಿಲ್ಲವೇನ್ರಿ?" ಎಂದು ಕೇಳಿದೆ. ಅವರು ಗಟ್ಟಿಯಾಗಿ ನಕ್ಕು, "ಇದನ್ನ ನಿನ್ನ ವಿರೋಧ ಪಕ್ಷದವರ ಮುಂದ ಹೇಳಬ್ಯಾಡ" ಎಂದರು.

ಆಯೋಗದ ಮಾತು ಬಂದಾಗ ಅವರ ನಗೆ ಅಡಗಿತು. ಅವರು ನಿವೃತ್ತರಾದದ್ದು 2024ರ ಜನವರಿಯಲ್ಲಿ. ಹೊಸ ವೇತನ ಕಾಗದದ ಮೇಲೆ 2022ರ ಜುಲೈಯಿಂದ ಬಂದಿದೆ, ಹಣವಾಗಿ 2024ರ ಆಗಸ್ಟಿನಿಂದ. ನಡುವಿನ ಇಪ್ಪತ್ತೈದು ತಿಂಗಳಲ್ಲಿ ನಿವೃತ್ತರಾದವರಿಗೆ ಪಿಂಚಣಿಯೇನೋ ಹೊಸ ಲೆಕ್ಕದಲ್ಲಿ ಪರಿಷ್ಕೃತವಾಯಿತು, ಆದರೆ ನಿವೃತ್ತಿಯ ದಿನ ಕೈಗೆ ಬರುವ ಇಡಿಗಂಟು ಹಳೆಯ ಲೆಕ್ಕದಲ್ಲಿಯೇ ಉಳಿಯಿತು. ಅಂಥವರು ರಾಜ್ಯದ ತುಂಬ ಮನವಿ ಕೊಡುತ್ತ ತಿರುಗುತ್ತಿದ್ದರು. "ಮೂವತ್ತು ವರ್ಷ ಮಂದಿ ಬಾಕಿ ಬಿಲ್ಲಿಗೆ ಸಹಿ ಹಾಕಿದೆ. ಈಗ ನನ್ನ ಬಿಲ್ಲ ಹಿಡಕೊಂಡು ನಾ ನಿಂತೇನಿ" ಎಂದರು. ಅಂಗಳದ ದಾಸವಾಳದ ಕಡೆಗೆ ನೋಡುತ್ತಿದ್ದ ಆ ಮುಖವನ್ನು ಕಂಡು, ಎತ್ತಿದ ಚೀಟಿಯ ಬಗ್ಗೆ ನನಗಿದ್ದ ಅಸಮಾಧಾನ ಅರ್ಧ ಇಳಿಯಿತು. ಈ ಮನುಷ್ಯನ ಪರವಾಗಿ ಮಾತನಾಡಲು ನಾಚಬೇಕಾದದ್ದೇನೂ ಇರಲಿಲ್ಲ.

ಬೀಳ್ಕೊಡುವಾಗ ಅವರಾಗಿ ಇನ್ನೊಂದು ಮಾತು ಹೇಳಿದರು. ಅದನ್ನು ನಾನು ಕೇಳಿರಲಿಲ್ಲ. ಶಾಲೆಗೆ ತಪಾಸಣೆಗೆ ಹೋದಾಗಲೆಲ್ಲ ಬಿಸಿಯೂಟದ ರುಚಿ ನೋಡಿ ವಹಿಯಲ್ಲಿ ಬರೆದು ಸಹಿ ಹಾಕುತ್ತಿದ್ದರಂತೆ. ಬಿಹಾರದ ಛಪ್ರಾ ಹತ್ತಿರ 2013ರಲ್ಲಿ ವಿಷವಾದ ಊಟದಿಂದ 23 ಮಕ್ಕಳು ತೀರಿಕೊಂಡ ಮೇಲೆ ಈ ರುಚಿ ನೋಡುವ ನಿಯಮ ಎಲ್ಲೆಡೆ ಬಿಗಿಯಾಗಿದೆ. "ಎಷ್ಟ ಸಾಲ್ಯಾಗ ಉಂಡೇನೋ ಲೆಕ್ಕ ಇಲ್ಲ. ಅಡಗಿ ಮಾಡಿದಾಕಿ ಹೆಸರು ಏನಂತ ಒಮ್ಮೆನೂ ಕೇಳಲಿಲ್ಲ ನೋಡು. ವಹಿಯೊಳಗ ಅದಕ್ಕೊಂದು ಕಾಲಮ್ಮು ಇರಲಿಲ್ಲ" ಎಂದರು.

ನಾನು ಆಗಲಾದರೂ ಬಾಯಿ ತೆರೆಯಬಹುದಾಗಿತ್ತು. ನಮಸ್ಕಾರ ಮಾಡಿ ಬಂದೆ.

ಮುಂದಿನ ವಾರವೆಲ್ಲ ಗ್ರಂಥಾಲಯದಲ್ಲಿ ಕುಳಿತೆ. ಕನಿಷ್ಠ ವೇತನವನ್ನು ಯಾವ ಆಧಾರದ ಮೇಲೆ ಗೊತ್ತುಮಾಡುತ್ತಾರೆಂದು ತಿಳಿಯುವ ಆಸೆ. 1957ರಲ್ಲಿ ನಡೆದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಇದಕ್ಕೊಂದು ಅಳತೆಗೋಲು ಹಾಕಿಕೊಟ್ಟಿದೆ. ಕೂನೂರಿನಲ್ಲಿ ಪೋಷಣ ಸಂಶೋಧನಾಲಯದ ನಿರ್ದೇಶಕರಾಗಿದ್ದ ವಾಲೇಸ್ ಅಯ್ಕ್ರಾಯ್ಡ್ ಎಂಬ ವಿಜ್ಞಾನಿ ದುಡಿಯುವ ಮನುಷ್ಯನಿಗೆ ದಿನಕ್ಕೆ 2,700 ಕ್ಯಾಲರಿ ಆಹಾರ ಬೇಕೆಂದು ಹೇಳಿದ್ದರು. ಆ ಲೆಕ್ಕ ಹಿಡಿದು ಒಂದು ಕುಟುಂಬಕ್ಕೆ ಮೂರು ಪಾಲು: ಗಂಡನದು ಒಂದು, ಹೆಂಡತಿಯದು 0.8, ಇಬ್ಬರು ಮಕ್ಕಳದು ತಲಾ 0.6. ಪ್ರತಿಯೊಬ್ಬರಿಗೂ ವರ್ಷಕ್ಕೆ 18 ಗಜ ಬಟ್ಟೆ. ಮೇಲೆ ಮನೆಬಾಡಿಗೆ, ಉರುವಲು, ದೀಪ. ಕೇಂದ್ರದ ಏಳನೆಯ ವೇತನ ಆಯೋಗವೂ ಇದೇ ಹಾದಿಯಲ್ಲಿ ಲೆಕ್ಕ ಹಾಕಿ 2016ರಿಂದ ಕನಿಷ್ಠ 18,000 ರೂಪಾಯಿ ಎಂದಿತು. ಆ ಸಮ್ಮೇಳನದ ಸೂತ್ರದಲ್ಲಿ ಇನ್ನೂ ಒಂದು ಸಾಲಿದೆ: ಹೆಂಗಸರ, ಮಕ್ಕಳ ಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಗಂಡಸಿನ ದುಡಿಮೆಯೊಂದರಿಂದಲೇ ಸಂಸಾರ ಸಾಗಬೇಕೆಂಬ ಸದುದ್ದೇಶದಿಂದ ಬರೆದ ಮಾತು. ಆದರೆ ಬ್ಯಾಡಗಿಯ ತೊಟ್ಟು ಬಿಡಿಸುವ ಕಟ್ಟೆಯ ಮೇಲೆ ಕುಳಿತು ಓದಿದರೆ ಅದರ ಧ್ವನಿ ಬೇರೆಯಾಗಿ ಕೇಳುತ್ತದೆ.

ಈ ಕ್ಯಾಲರಿಗಳು ನನಗೆ ಹೊಸವಲ್ಲ. ಬಿಸಿಯೂಟದಲ್ಲಿ ಐದನೆಯ ತರಗತಿಯವರೆಗಿನ ಮಗುವಿಗೆ 450 ಕ್ಯಾಲರಿ, ಮೇಲಿನ ತರಗತಿಯವರಿಗೆ 700 ಎಂದು ಗೊತ್ತುಮಾಡಿದ್ದಾರೆ. ಅದನ್ನೇ ಅಡುಗೆಮನೆಯ ಭಾಷೆಯಲ್ಲಿ ಹೇಳಿದರೆ ಚಿಕ್ಕವರಿಗೆ 100 ಗ್ರಾಂ ಅಕ್ಕಿ, ದೊಡ್ಡವರಿಗೆ 150. ಬೆಳಿಗ್ಗೆ ಹಾಜರಿ ಮುಗಿದ ಕೂಡಲೇ ಹೆಡ್ಮಾಸ್ತರರು ಅಂಕಿ ಹೇಳಿ ಕಳಿಸುತ್ತಾರೆ: ಚಿಕ್ಕವರು 86, ದೊಡ್ಡವರು 52. ಅಕ್ಷರ ಬಾರದ ಅವ್ವ ಕಣ್ಣು ಅರೆಮುಚ್ಚಿ, "ಹದಿನಾರು ಕಿಲೋ ನಾಕನೂರು" ಎನ್ನುತ್ತಾಳೆ. ನಾನು ಕಾಗದದ ಮೇಲೆ ಗುಣಿಸಿ ನೋಡುವಷ್ಟರಲ್ಲಿ ಅಕ್ಕಿ ತೊಳೆದಾಗಿರುತ್ತದೆ. ಮಕ್ಕಳ ಹೊಟ್ಟೆಗೆ ತಕ್ಕಡಿ ಇದೆ, ನೌಕರನ ಸಂಸಾರಕ್ಕೆ ತಕ್ಕಡಿ ಇದೆ. ಒಲೆಯ ಮುಂದೆ ನಿಂತವಳನ್ನು ತೂಗಲು ಯಾವ ಸಮ್ಮೇಳನವೂ ಕೂಡಲಿಲ್ಲ. ಇನ್ನೊಂದು ಲೆಕ್ಕವನ್ನೂ ಅಂದೇ ವಹಿಯಲ್ಲಿ ಬರೆದುಕೊಂಡೆ. ರಾಜ್ಯದ ಗರಿಷ್ಠ ಮೂಲವೇತನ ಕನಿಷ್ಠದ ಸುಮಾರು ಒಂಬತ್ತು ಪಟ್ಟು. ಆ ಕನಿಷ್ಠವೋ, ಅವ್ವನ 3,600ರ ಏಳೂವರೆ ಪಟ್ಟು. ಅಂದರೆ ಕಚೇರಿಯ ಜವಾನನಿಂದ ಎಲ್ಲಕ್ಕೂ ಮೇಲಿನ ಕುರ್ಚಿಗೆ ಎಷ್ಟು ದೂರವೋ, ಅವ್ವನ ಒಲೆಯಿಂದ ಆ ಜವಾನನ ಸ್ಟೂಲಿಗೆ ಸರಿಸುಮಾರು ಅಷ್ಟೇ ದೂರ. ಸಾಹೇಬರು ಮೇಲೆ ಏರಿದ್ದರಿಂದ ಈ ದೂರ ಹುಟ್ಟಿದ್ದಲ್ಲ. ಅವ್ವನನ್ನು ಏಣಿಯ ಮೊದಲ ಮೆಟ್ಟಿಲಿಗೇ ಹತ್ತಿಸಿಲ್ಲ. ಈ ಲೆಕ್ಕ ನನ್ನ ಪಕ್ಷಕ್ಕೆ ಉಪಯೋಗವಿಲ್ಲದ್ದರಿಂದ ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡೆ.

ಚರ್ಚೆಯ ದಿನ ಸಭಾಂಗಣ ತುಂಬಿತ್ತು. ಮರುದಿನದಿಂದ ಸೂಟಿ ಇದ್ದುದೂ ಅದಕ್ಕೊಂದು ಕಾರಣ. ನಾನು ಮೊದಲು ಮಾತನಾಡಿದೆ: ಜವಾಬ್ದಾರಿ, ತುಟ್ಟಿ, ಸಹಿಯ ಭಾರ, ದಾಸವಾಳದ ಕಡೆ ನೋಡುತ್ತ ಕುಳಿತ ಆ ಹಿರಿಯರು, ಎಲ್ಲವನ್ನೂ ಹೇಳಿದೆ. ಚಪ್ಪಾಳೆ ಬಿದ್ದವು. ಮಿತ್ರನ ಸರದಿ ಬಂದಿತು. ಅವನು ಒಳ್ಳೆಯ ಮಾತುಗಾರ. ಸ್ವಲ್ಪ ಹೊತ್ತು 20,208 ಕೋಟಿಯ ಸುತ್ತ ತಿರುಗಿ, ಒಮ್ಮಿಂದೊಮ್ಮೆ ದನಿ ತಗ್ಗಿಸಿ, "ಅಧ್ಯಕ್ಷರೇ, ಅದೇ ಶಾಲೆಯಲ್ಲಿ, ಅದೇ ಇಲಾಖೆಯ ಮಕ್ಕಳಿಗೆ ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಅನ್ನ ಬೇಯಿಸುವ ತಾಯಿಗೆ ತಿಂಗಳಿಗೆ 3,600 ರೂಪಾಯಿ! ಆ ತಾಯಿಯ ಮುಂದೆ ನಿಂತು ಈ ಹೆಚ್ಚಳವನ್ನು ಸಮರ್ಥಿಸಲು ನನ್ನ ಪ್ರತಿಸ್ಪರ್ಧಿಗೆ ಬಾಯಿ ಬರುವುದೇ?" ಎಂದ. ಸಭಾಂಗಣ ಮೊರೆಯಿತು. ಅವನಿಗೆ ಏನೂ ಗೊತ್ತಿರಲಿಲ್ಲ. ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದ್ದ, ಅಷ್ಟೆ.

ಉತ್ತರಕ್ಕೆ ನನಗೆ ಎರಡು ನಿಮಿಷ. ಜೇಬಿನಲ್ಲಿ ಹಾಳೆ ಇತ್ತು. ಎದ್ದು ನಿಂತು ನಾನು ಹೇಳಿದ ಮಾತನ್ನು ಇದ್ದಕ್ಕಿದ್ದಂತೆ ಬರೆಯುತ್ತೇನೆ: "ಅಧ್ಯಕ್ಷರೇ, ಇಂದಿನ ವಿಷಯ ಅಧಿಕಾರಿಗಳ ವೇತನ. ಅಡುಗೆಯವರ ಗೌರವಧನವು ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ್ದಲ್ಲ. ನನ್ನ ಮಿತ್ರರು ವಾದವಿಲ್ಲದ್ದರಿಂದ ಕಣ್ಣೀರನ್ನು ಆಶ್ರಯಿಸಿದ್ದಾರೆ."

ವಿಷಯಕ್ಕೆ ಅಂಟಿಕೊಂಡು ಮಾತನಾಡಿದ್ದಕ್ಕಾಗಿ ಎಂದು ನಿರ್ಣಾಯಕರು ವಿಶೇಷವಾಗಿ ಹೊಗಳಿ ನನಗೆ ಪ್ರಥಮ ಬಹುಮಾನ ಕೊಟ್ಟರು. ಗುರುಗಳು ಬೆನ್ನು ತಟ್ಟಿ, "ತಾಯಿಯವರು ಇಲಾಖೆಯವರೇ ಅಲ್ಲವೇ? ಅದಕ್ಕೇ ಅನುಭವದಿಂದ ಮಾತನಾಡಿದೆ" ಎಂದರು.

ರಾತ್ರಿ ಮನೆಯಲ್ಲಿ ಅವ್ವ ಬಹುಮಾನದ ಪುಸ್ತಕವನ್ನು ಸೆರಗಿನಿಂದ ಒರೆಸಿ ದೇವರ ಮಾಡದಲ್ಲಿ ಇಟ್ಟಳು.

"ಏನ್ ಮಾತಾಡಿದಿ ತಮ್ಮಾ?"

"ಪಗಾರದ್ದು."

"ಯಾರ ಪಗಾರ?"

"ಸಾಹೇಬರದು."

"ಹೆಚ್ಚ ಮಾಡಬೇಕಂದ್ಯೋ, ಬ್ಯಾಡಂದ್ಯೋ?"

"ಮಾಡಬೇಕಂದೆ."

"ಆಗಲಿ ಬಿಡು. ಅವರಿಗೂ ಮಕ್ಕಳು ಮರಿ ಅದಾವ" ಎಂದು ತಾಟು ಮುಂದಿಟ್ಟಳು.

ಆ ಅನ್ನ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಏನಾದರೂ ಹೇಳಲೇಬೇಕೆನಿಸಿ, ಸೂತ್ರವನ್ನು ಓದಿ ಹೇಳಿದೆ. ಅವಳು ಒಲೆಯ ಬೂದಿ ತೆಗೆಯುತ್ತ ಕೇಳಿದಳು. ಗಂಡನಿಗೆ ಒಂದು, ಹೆಂಡತಿಗೆ 0.8 ಎಂದಾಗ, "ಅಂದ್ರ ರೂಪಾಯಿಗೆ ಎಂಟಾಣೆಕ್ಕಿಂತ ಮ್ಯಾಲ ಅದೇನಲ್ಲ, ಪಾಡಾತು" ಎಂದಳು. 18 ಗಜ ಬಟ್ಟೆ ಎಂದಾಗ ಸ್ವಲ್ಪ ಲೆಕ್ಕ ಹಾಕಿ, "ನಮ್ಮತ್ತಿ ಉಡೂ ಸೀರಿಯಾದ್ರ ಎರಡು, ನಂದಾದ್ರ ಮೂರು. ಜಂಪರಿನ ಅರಿವಿ ಯಾರ ಕೊಡ್ತಾರಂತ?" ಎಂದು ಕೇಳಿದಳು. ಅದಕ್ಕೆ ಅಯ್ಕ್ರಾಯ್ಡರಲ್ಲಿ ಉತ್ತರವಿಲ್ಲ. ಹೆಂಗಸರ ಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬ ಸಾಲನ್ನು ನಾನು ಓದಲಿಲ್ಲ. ಸಭೆಯಲ್ಲಿ ಏನು ಹೇಳಿದೆ ಎಂಬುದನ್ನೂ ಹೇಳಲಿಲ್ಲ.

ಮುಂದಿನದನ್ನು ಬೇಗ ಮುಗಿಸುತ್ತೇನೆ. 2025ರ ಮಾರ್ಚ್ ತಿಂಗಳ ಮುಂಗಡಪತ್ರದಲ್ಲಿ ಬಿಸಿಯೂಟದವರ ಗೌರವಧನಕ್ಕೆ 1,000 ರೂಪಾಯಿ, ಅತಿಥಿ ಶಿಕ್ಷಕರದಕ್ಕೆ 2,000 ರೂಪಾಯಿ ಕೂಡಿಸಿದರು. ಅದೇ ತಿಂಗಳ 21ರಂದು ವಿಧಾನಸಭೆಯಲ್ಲಿ ಶಾಸಕರ ಸಂಬಳ 40,000ದಿಂದ 80,000ಕ್ಕೂ, ಮಂತ್ರಿಗಳದು 60,000ದಿಂದ 1,25,000ಕ್ಕೂ, ಮುಖ್ಯಮಂತ್ರಿಗಳದು 75,000ದಿಂದ ಒಂದೂವರೆ ಲಕ್ಷಕ್ಕೂ ಏರಿತು. ಬೇರೊಂದು ವಿಷಯದ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ, ಮಸೂದೆ ಅಂಗೀಕಾರವಾಯಿತು. ಅಲ್ಲಿ ಚೀಟಿ ಎತ್ತುವ ಪದ್ಧತಿ ಇಲ್ಲವೆಂದು ಕಾಣುತ್ತದೆ. ಎಲ್ಲರಿಗೂ 'ಪರ'ವೇ ಬಂದಿರಬೇಕು. ಆ ದಿನದ ಪತ್ರಿಕೆಯನ್ನು ಓದಿ ನಾವಿಬ್ಬರೂ ಮಿತ್ರರು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಬಹಳ ನಕ್ಕೆವು. ನಗೆ ನಿಂತ ಮೇಲೆ, "ಆ ಅಡುಗೆ ಮಾಡುವ ತಾಯಿ ನಮ್ಮ ಅವ್ವ" ಎಂದು ಅವನಿಗೆ ಹೇಳಿಬಿಟ್ಟೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಅಂದು ನಾನು ನಿನ್ನ ಪಕ್ಷದ ಮಾತು ಆಡಿದೆ, ನೀನು ನನ್ನ ಅಪ್ಪನ ಪಕ್ಷದ್ದು ಆಡಿದೆ. ಬಹುಮಾನ ಮಾತ್ರ ನೀನೇ ಇಟ್ಟುಕೊಂಡೆಯಲ್ಲೋ" ಎಂದ. ಮರುದಿನ ಅದರ ಅರ್ಧ ಬೆಲೆಯ ಚಹ ಕುಡಿಸಿದೆ.

ಈ ವರ್ಷ ವಿದ್ಯಾರ್ಥಿವೇತನದ ಫಾರ್ಮಿನಲ್ಲಿ 'ತಾಯಿಯ ಉದ್ಯೋಗ' ಎಂಬಲ್ಲಿ 'ಬಿಸಿಯೂಟದ ಅಡುಗೆ ಸಹಾಯಕಿ' ಎಂದು ದೊಡ್ಡ ಅಕ್ಷರಗಳಲ್ಲಿ ಬರೆದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ತೆಗೆದುಕೊಂಡವರು ಓದಲೂ ಇಲ್ಲ. "ಆದಾಯದ ಪ್ರಮಾಣಪತ್ರ ಹಚ್ಚಿದ್ದೀಯೇನು?" ಎಂದಷ್ಟೇ ಕೇಳಿದರು.

ಮಿಸೆಲನಿಗೆ ಲೇಖನ ಕೊಡಲು ಗುರುಗಳು ಹೇಳಿದಾಗ ಇದನ್ನೇ ಬರೆಯುವೆನೆಂದೆ. ಬರೆದು ಮುಗಿಸಿದ ಮೇಲೆ, ನಾನು ಸಭೆಯಲ್ಲಿ ಆಡಿದ ಆ ಎರಡು ನಿಮಿಷದ ಮಾತಿನ ಸಹಿತ, ಎಲ್ಲವನ್ನೂ ಅವ್ವನಿಗೆ ಓದಿ ಹೇಳಿದೆ. ಅವಳು ಮೊಟ್ಟೆ ಸುಲಿದು ಬಿರಿದ ಬೆರಳುಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಈಗ ವಾರಕ್ಕೆ ಆರು ದಿನ ಮಕ್ಕಳಿಗೆ ಮೊಟ್ಟೆ ಕೊಡುತ್ತಾರೆ. ಕೆಲಸ ಹೆಚ್ಚಿದೆ, ಆದರೂ "ಹುಡುಗರು ತಿಂತಾವ ನೋಡು, ಕಣ್ಣಿಗೆ ಹಬ್ಬ" ಎನ್ನುತ್ತಾಳೆ. ಸಭೆಯ ಮಾತು ಬಂದಾಗ ಎಣ್ಣೆ ಹಚ್ಚುವ ಕೈ ಒಂದು ಕ್ಷಣ ನಿಂತಿತು, ಮತ್ತೆ ನಡೆಯಿತು. ಪೂರ್ತಿ ಓದಿದ ಮೇಲೆ ಕೇಳಿದಳು:

"ಇದನ್ನ ಬರದದ್ದಕ್ಕ ಅವರು ನಿನಗ ಎಷ್ಟ ಕೊಡ್ತಾರ?"

"ರೊಕ್ಕ ಏನಿಲ್ಲ ಬೇ. ಹೆಸರು ಹಾಕ್ತಾರ. ಗೌರವ ಅಷ್ಟ."

"ಬರೇ ಗೌರವ ಏನು? ನನಗಾದ್ರ ಧನಾ ಒಂದೀಟು ಹಚ್ಚಿ ಕೊಡ್ತಾರ!" ಎಂದು ನಕ್ಕು, ಎಣ್ಣೆಯ ಬಟ್ಟಲನ್ನು ಗೂಡಿನಲ್ಲಿಟ್ಟು, ನಾಳೆಯ ಬೇಳೆ ಆರಿಸಲು ಮೊರ ತೆಗೆದುಕೊಂಡಳು.